ಅರಿತ ಕೃಪೆ, ನಂಬಿದ ಕೃಪೆ

ಮನುಷ್ಯನಿಗೆ ರಕ್ಷಣೆ ದೊರೆಯುವುದು ಅವನ ಪುಣ್ಯದಿಂದಲ್ಲ, ದೇವರ ಕೃಪೆಯಿಂದ ಎಂಬುದು ಕ್ರೈಸ್ತ ಧರ್ಮದ ಬುನಾದಿಯ ಬೋಧನೆ. ಅದನ್ನು ತಿಳಿಯುವುದು, ನಿಜವೆಂದು ಒಪ್ಪುವುದು, ಅದರ ಮೇಲೆ ತನ್ನ ಭಾರವನ್ನೆಲ್ಲ ಹಾಕುವುದು: ಪ್ರಾಟೆಸ್ಟಂಟ್ ಪಂಡಿತರು ವಿಶ್ವಾಸದಲ್ಲಿ ಈ ಮೂರನ್ನು ಗುರುತಿಸಿದರು. ಮೊದಲಿನ ಎರಡು ಇದ್ದೂ ಮೂರನೆಯದು ಇಲ್ಲದಿರಬಹುದು. ದೇವರೊಬ್ಬನೇ ಎಂಬುದಕ್ಕೆ ದೆವ್ವಗಳ ತಕರಾರೂ ಇಲ್ಲ ಎಂದು ಬೈಬಲಿನ ಯಾಕೋಬನ ಪತ್ರಿಕೆ ಇದನ್ನೇ ಕಟುವಾಗಿ ಎತ್ತಿ ತೋರಿಸುತ್ತದೆ.

ಮುಂದೆ ಮೆಥಡಿಸ್ಟ್ ಚಳವಳಿಯನ್ನು ಕಟ್ಟಿದ ಇಂಗ್ಲೆಂಡಿನ ಜಾನ್ ವೆಸ್ಲಿಯ ಬದುಕಿನಲ್ಲಿ ಈ ಅಂತರ ನಿಚ್ಚಳವಾಗಿ ಕಾಣುತ್ತದೆ. ಆತ ಆಕ್ಸ್‌ಫರ್ಡಿನ ವಿದ್ವಾಂಸ, 1728ರಲ್ಲಿ ಗುರುದೀಕ್ಷೆ ಪಡೆದವನು. ಉಪವಾಸ ಮಾಡಿದ, ಸೆರೆಮನೆಗಳಿಗೆ ಹೋಗಿ ಕೈದಿಗಳನ್ನು ಕಂಡ. ಅಮೆರಿಕದ ಜಾರ್ಜಿಯಾಕ್ಕೆ ಹೊರಟಾಗ, 1736ರ ಜನವರಿಯಲ್ಲಿ, ಅಟ್ಲಾಂಟಿಕ್ ಬಿರುಗಾಳಿಗೆ ಹಡಗು ಸಿಕ್ಕಿತು. ಜೊತೆಗಿದ್ದ ಮೊರೇವಿಯನ್ ಕ್ರೈಸ್ತರು ಕೀರ್ತನೆ ಹಾಡುತ್ತ ನಿಶ್ಚಿಂತರಾಗಿದ್ದರು. ವೆಸ್ಲಿ ಸಾವಿಗೆ ಅಂಜಿದ. ಓದಿದ್ದೆಲ್ಲ ಅಲ್ಲಿ ಆಸರೆಗೆ ಬರಲಿಲ್ಲ. ಲಂಡನ್ನಿಗೆ ಮರಳಿದ ಮೇಲೆ ಪೀಟರ್ ಬೋಲರ್ ಎಂಬ ಮೊರೇವಿಯನ್ ಬೋಧಕ ಅವನ ಕೊರತೆ ಯಾವುದೆಂದು ತೋರಿಸಿಕೊಟ್ಟ. 1738ರ ಮೇ 24ರ ಸಂಜೆ ಆಲ್ಡರ್ಸ್‌ಗೇಟ್ ಬೀದಿಯ ಸಭೆಯೊಂದಕ್ಕೆ ವೆಸ್ಲಿ ಮನಸ್ಸಿಲ್ಲದೆಯೇ ಹೋದ. ರೋಮಾಪುರದವರಿಗೆ ಬರೆದ ಪತ್ರಿಕೆಗೆ ಪ್ರಾಟೆಸ್ಟಂಟ್ ಸುಧಾರಕ ಲೂಥರ್ ಬರೆದ ಮುನ್ನುಡಿಯನ್ನು ಅಲ್ಲಿ ಓದುತ್ತಿದ್ದರು. ಕೇಳುತ್ತಿದ್ದಂತೆ, ಕ್ರಿಸ್ತನೊಬ್ಬನನ್ನೇ ತಾನು ನೆಚ್ಚಿದ್ದೇನೆ, ತನ್ನ ಪಾಪವೂ ಕ್ಷಮಿಸಲ್ಪಟ್ಟಿದೆ ಎಂಬ ಭರವಸೆ ಅವನಲ್ಲಿ ಮೂಡಿತು.

ಆ ಸಂಜೆ ವೆಸ್ಲಿ ಹೊಸ ಸಿದ್ಧಾಂತವೇನನ್ನೂ ಕಲಿಯಲಿಲ್ಲ. ವಿಶ್ವಾಸದಿಂದಲೇ ನೀತಿವಂತರೆನಿಸುತ್ತೇವೆ ಎಂಬುದು ಅವನ ಆಂಗ್ಲಿಕನ್ ಸಭೆಯ ಅಧಿಕೃತ ಬೋಧನೆಯೇ ಆಗಿತ್ತು. ಆದರೆ ಲೋಕಕ್ಕೆಲ್ಲ ಸಂದ ಕೃಪೆ ತನಗೂ ಸಂದಿದೆ ಎಂದು ಅದರಲ್ಲಿ ನೆಲೆನಿಲ್ಲುವುದಕ್ಕೆ ವಾದದ ಬಲ ಸಾಲದು. ಕ್ರೈಸ್ತರು ಇದನ್ನು ಪವಿತ್ರಾತ್ಮನ ಕೆಲಸವೆಂದು ಕಾಣುತ್ತಾರೆ. ಅಮೆರಿಕದ ಬೋಧಕ ಜೊನಾಥನ್ ಎಡ್ವರ್ಡ್ಸ್ 1734ರಲ್ಲಿ ಅಚ್ಚಾದ ಪ್ರವಚನವೊಂದರಲ್ಲಿ ಜೇನಿನ ಹೋಲಿಕೆ ಕೊಟ್ಟ: ಅದು ಸಿಹಿಯೆಂದು ಬಲ್ಲವನೇ ಬೇರೆ, ಸವಿದವನೇ ಬೇರೆ.

ಹಾಗೆಂದು ಹೃದಯದ ವಿಶ್ವಾಸವೆಂದರೆ ಬರಿಯ ಭಾವಾವೇಶವಲ್ಲ. ಕಣ್ಣೀರು, ಉತ್ಸಾಹಗಳು ಕೃಪೆಗೆ ಸಾಕ್ಷಿಯಾಗಲಾರವು, ಬಾಳಿನ ನಡತೆಯಲ್ಲಿ ಅದು ಫಲಿಸಬೇಕು ಎಂದು 1746ರ ತನ್ನ ಗ್ರಂಥದಲ್ಲಿ ಎಡ್ವರ್ಡ್ಸ್ ಎಚ್ಚರಿಸಿದ. ವೆಸ್ಲಿಗೂ ಆ ಸಂಜೆಯ ನಂತರ ಸಂಶಯಗಳು ಮರುಕಳಿಸಿದವು. ಅರಿವನ್ನು ಹಳಿಯುವುದೂ ಸರಿಯಲ್ಲ. ಕ್ರಿಸ್ತನ ವಿಷಯ ಕೇಳದವನು ಅವನನ್ನು ನೆಚ್ಚುವುದಾದರೂ ಹೇಗೆ? 1738ಕ್ಕೆ ಮುಂಚೆ ತಾನು ಕ್ರೈಸ್ತನೇ ಆಗಿರಲಿಲ್ಲ ಎಂದು ತಾನೇ ಕೊಟ್ಟಿದ್ದ ತೀರ್ಪನ್ನು ವೆಸ್ಲಿ ಮುಂದೆ ಸಡಿಲಿಸಿದ. ಆಗಲೂ ತನ್ನಲ್ಲಿ ಸೇವಕನ ವಿಶ್ವಾಸವಿತ್ತು, ಮಗನ ವಿಶ್ವಾಸ ಮಾತ್ರ ಇರಲಿಲ್ಲ ಎಂದು ಹಳೆಯ ದಿನಚರಿಗೆ ಟಿಪ್ಪಣಿ ಸೇರಿಸಿದ.