ತುತ್ತು ಇಡದ ಪ್ರೀತಿ

ಕಾದ ಎಣ್ಣೆಯ ಬಾಣಲೆ ಮಗುಚಿ ಮನೆಯೊಡತಿಯ ಬಲಗೈ ಸುಟ್ಟಿತೆನ್ನಿ. ಹೊರನಾಡಿನಲ್ಲಿ ನೆಲೆಸಿದ ನಮ್ಮಂಥವರ ಮನೆಗೆ ಊರಿನಿಂದ ತಾಯಿಯೋ ಅತ್ತೆಯೋ ಓಡಿಬರುತ್ತಾರೆ. ನೆರೆಯವರು ಡಬ್ಬಿಯಲ್ಲಿ ಅನ್ನ-ಸಾರು ಕಳಿಸುತ್ತಾರೆ. ಆಕೆ ಆಸ್ಪತ್ರೆಯಿಂದ ಬಂದು ವಾರಗಳು ಕಳೆದರೂ "ನೀನು ಸುಮ್ಮನೆ ಕೂತಿರು" ಎಂದು ತುತ್ತು ಕಲಸಿ ಬಾಯಿಗಿಡುತ್ತೇವೆ, ತಲೆ ಬಾಚುತ್ತೇವೆ. ಇದಕ್ಕಿಂತ ಹೆಚ್ಚಿನ ಪ್ರೀತಿ ಯಾವುದೆಂದು ನಮಗೆ ನಾವೇ ಸಮಾಧಾನಪಟ್ಟುಕೊಳ್ಳುತ್ತೇವೆ.

ಆಕ್ಯುಪೇಶನಲ್ ಥೆರಪಿ ಬಲ್ಲವರು ಇಲ್ಲಿ ನಮ್ಮನ್ನು ತಡೆಯುತ್ತಾರೆ. ಆಳವಾದ ಸುಟ್ಟಗಾಯ ಮಾಯುವಾಗ ಅದರ ಕಲೆ ಬಿಗಿದು ಕುಗ್ಗುತ್ತದೆ. ನೋವಾಗದಂತೆ ಕೈಯನ್ನು ಮುದುಡಿಟ್ಟುಕೊಂಡರೆ ಬೆರಳುಗಳು ಹಾಗೆಯೇ ಸೆಟೆದು ನಿಲ್ಲುತ್ತವೆ. ಹಿತವಾದ ಭಂಗಿಯೇ ಕೊನೆಗೆ ಊನವಾಗುತ್ತದೆ! ಆದ್ದರಿಂದಲೇ ಕೈಗೆ ಸ್ಪ್ಲಿಂಟ್. ವೈದ್ಯರು ಒಪ್ಪಿದೊಡನೆ ಬೆರಳು ಮಡಿಸಿ ಬಿಡಿಸುವ ಅಭ್ಯಾಸ. ಗಾಯ ಮುಚ್ಚಿದ ಮೇಲೆ ಕಲೆ ಉಬ್ಬದಿರಲೆಂದು ದಿನಕ್ಕೆ 23 ಗಂಟೆಯವರೆಗೂ ತೊಡುವ ಬಿಗಿಯಾದ ಕೈಗವಸು, ಹಲವೊಮ್ಮೆ ವರ್ಷಕ್ಕೂ ಮೇಲ್ಪಟ್ಟು. ಇವುಗಳ ಜೊತೆಗೆ ಗುಂಡಿ ಹಾಕುವುದು, ಹಿಟ್ಟು ನಾದುವುದು, ತನ್ನ ತುತ್ತನ್ನು ತಾನೇ ಎತ್ತುವುದು.

ನಮ್ಮ ದೇಶದಲ್ಲಿ ಈ ವಿದ್ಯೆಯ ಶಿಕ್ಷಣಕ್ಕೆ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನಾಂದಿ ಹಾಡಿದವರು ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾದ ಕಮಲಾ ನಿಂಬಕರ್. ಇಲ್ಲಿ ಆಕ್ಯುಪೇಶನ್ ಎಂದರೆ ಸಂಬಳದ ನೌಕರಿಯಷ್ಟೇ ಅಲ್ಲ. ಸ್ನಾನ, ಊಟ, ಉಡುಗೆ, ಹೊಸಿಲ ರಂಗೋಲಿ, ಹೀಗೆ ಒಬ್ಬರ ದಿನವನ್ನು ತುಂಬುವ ಎಲ್ಲ ಕೆಲಸಗಳು.

ಆದರೆ ನೋಯುವ ಕೈಗೆ ನೆರವು ನಿರಾಕರಿಸುವ ಹಕ್ಕು ನಮಗುಂಟೆ? ಉಂಟು ಎಂದು ಸುಲಭವಾಗಿ ಹೇಳಲಾಗದು. "ನಿನ್ನ ಒಳ್ಳೆಯದಕ್ಕೇ" ಎಂಬ ಮಾತಿನ ಮರೆಯಲ್ಲಿ ಎಷ್ಟೋ ಕ್ರೌರ್ಯಗಳು ನಡೆದಿವೆ. ಒಳ್ಳೆಯ ಚಿಕಿತ್ಸಕರು ನೋವನ್ನು ಅಲಕ್ಷಿಸುವುದಿಲ್ಲ. ಅಗತ್ಯವಿದ್ದರೆ ಅಭ್ಯಾಸಕ್ಕೆ ಮೊದಲೇ ನೋವಿನ ಮಾತ್ರೆ ಕೊಡಿಸುತ್ತಾರೆ. ಯಾವ ಕೆಲಸ ಮೊದಲು ಮರಳಿ ಬರಬೇಕೆಂದು ರೋಗಿಯನ್ನೇ ಕೇಳುತ್ತಾರೆ. ಒಬ್ಬಳಿಗೆ ಜಡೆ ಹೆಣೆಯುವುದು ಮುಖ್ಯ, ಇನ್ನೊಬ್ಬನಿಗೆ ಸಹಿ ಹಾಕುವುದು. ಕಟ್ಟುನಿಟ್ಟಿಗೂ ಕ್ರೌರ್ಯಕ್ಕೂ ಇರುವ ಅಂತರ ಈ ಕೇಳುವಿಕೆಯಲ್ಲಿದೆ.

ಇನ್ನೊಂದು ಸಂದೇಹವೂ ಉಂಟು. ಕಾಯಕಕ್ಕೆ ಹಿರಿಮೆ ಕೊಟ್ಟ ನಾಡಿನವರಾದ ನಾವು, ದುಡಿಯುವ ಕೈಗಷ್ಟೇ ಬೆಲೆ ಎನ್ನುತ್ತಿದ್ದೇವೆಯೆ? ಎಷ್ಟು ಶ್ರಮಿಸಿದರೂ ಕೆಲವರ ಬೆರಳು ಪೂರ್ತಿ ಮಡಿಚಲಾರದು. ಅಂಥವರಿಗೆ ದಪ್ಪ ಹಿಡಿಯ ಚಮಚ ಸಿದ್ಧವಾಗುತ್ತದೆ. ಆ ಚಮಚದಿಂದ ಅವರು ಏನನ್ನೂ ಉತ್ಪಾದಿಸುವುದಿಲ್ಲ. ತಮ್ಮ ಊಟವನ್ನು ತಮಗೆ ಬೇಕಾದಾಗ, ಬೇಕಾದಷ್ಟು ಉಣ್ಣುತ್ತಾರೆ, ಅಷ್ಟೆ. ಅಷ್ಟೇ ಮುಖ್ಯ. ಹಿಂದಿರುಗಿಸಬೇಕಾದದ್ದು ದುಡಿಮೆಯೊಂದನ್ನೇ ಅಲ್ಲ, ತನ್ನ ದಿನದ ಮೇಲಿನ ಒಡೆತನವನ್ನು.

ತುತ್ತಿಡುವುದು ನಮಗೆ ಸುಲಭ, ಅದರಿಂದ ನಮ್ಮ ಮನಸ್ಸು ಹಗುರಾಗುತ್ತದೆ. ಆಕೆ ನಡುಗುವ ಬೆರಳುಗಳಿಂದ ಅನ್ನ ಕಲಸುತ್ತಿರುವಾಗ, ಅರ್ಧ ಚೆಲ್ಲುತ್ತಿರುವಾಗ, ಕೇಳಿದರೆ ಕೈನೀಡಲು ಸಿದ್ಧರಾಗಿ ಎದುರಿಗೆ ಸುಮ್ಮನೆ ಕೂತಿರುವುದು ಕಷ್ಟ. "ಸುಮ್ಮನೆ ಕೂತಿರು" ಎಂಬ ಮಾತನ್ನು ನಾವು ಹೇಳಿಕೊಳ್ಳಬೇಕಾದದ್ದು ನಮಗೇ.