ಗೋಡೆಯ ಕಿಂಡಿ, ಕೂರುವ ಜಾಗ

*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ನಮ್ಮ ಬಳಗದ ಭಾನುವಾರದ ಓದು ಈಗ ಬಹುಪಾಲು ಮೊಬೈಲಿನಲ್ಲೇ ನಡೆಯುತ್ತಿದೆ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಮನೆಗಳಿಂದ, ದುಡಿಯಲು ಬೆಂಗಳೂರಿಗೆ ಹೋದವರ ಬಾಡಿಗೆ ಕೋಣೆಗಳಿಂದ ಎಲ್ಲರೂ ಒಂದೇ ಪರದೆಯಲ್ಲಿ ಕೂಡುತ್ತೇವೆ. ಹಾಗಾಗಿ ಮನೆಯಲ್ಲಿ ವಿಡಿಯೊ ಕಾಲ್‌ಗೆ ಜಾಗ ಎಲ್ಲಿ ಮಾಡಿಕೊಳ್ಳಬೇಕು ಎಂಬುದನ್ನೂ ಧಮ್ಮದ ಬೆಳಕಿನಲ್ಲಿ ಯೋಚಿಸಬೇಕಾಗಿದೆ.

ಧಮ್ಮಪದದ ಅಟ್ಠಕಥೆಯಲ್ಲಿ ಒಂದು ಕಥೆ ಬರುತ್ತದೆ. ಕೋಸಂಬಿಯ ರಾಜ ಉದಯನನ ರಾಣಿ ಸಾಮಾವತಿಗೆ ಅರಮನೆ ಬಿಟ್ಟು ಹೊರಬರುವ ಸ್ವಾತಂತ್ರ್ಯವಿರಲಿಲ್ಲ. ಅವಳ ದಾಸಿ ಖುಜ್ಜುತ್ತರಾ ದಿನವೂ ಹೂ ತರಲು ಹೋಗುತ್ತಿದ್ದಳು. ಕೊಟ್ಟ 8 ನಾಣ್ಯಗಳಲ್ಲಿ 4 ತಾನಿಟ್ಟುಕೊಂಡು ಉಳಿದದ್ದಕ್ಕೆ ಹೂ ತರುತ್ತಿದ್ದಳು. ಒಂದು ದಿನ ಭಗವಾನ್ ಬುದ್ಧರ ಉಪದೇಶ ಕೇಳಿದಳು. ಅಂದು ಎಂಟಕ್ಕೂ ಹೂ ತಂದಳು. ಕೇಳಿದ ರಾಣಿಗೆ ನಿಜವನ್ನೇ ಹೇಳಿದಳು. ರಾಣಿ ಬೈಯಲಿಲ್ಲ, "ನೀನು ಕೇಳಿದ್ದನ್ನು ನಮಗೂ ಹೇಳು" ಎಂದಳು. ಅವಳಿಗೆ ಸ್ನಾನ ಮಾಡಿಸಿ, ಒಳ್ಳೆಯ ಬಟ್ಟೆ ಕೊಟ್ಟು, ಎತ್ತರದ ಆಸನ ಹಾಕಿದರು. ದಾಸಿ ಮೇಲೆ ಕುಳಿತು ಹೇಳಿದಳು, ಅರಮನೆಯ ಹೆಂಗಸರು ಕೆಳಗೆ ಕುಳಿತು ಕೇಳಿದರು. ಆಮೇಲೆ ಅವರು ಗೋಡೆಯಲ್ಲಿ ಕಿಂಡಿ ಕೊರೆದು, ಬೀದಿಯಲ್ಲಿ ಹೋಗುವ ಬುದ್ಧರನ್ನು ನೋಡಿ ಕೈಮುಗಿದರು.

ನಮ್ಮ ಕೈಯಲ್ಲಿರುವ ಮೊಬೈಲ್ ಅಂಥದೇ ಒಂದು ಕಿಂಡಿ. ಆರ್.ಎಚ್. ಕ್ಯಾಂಪ್ ಎಂಬ ಹೆಸರಿನಲ್ಲೇ ಪುನರ್ವಸತಿ ಎಂಬ ಮಾತಿದೆ. ಪೂರ್ವ ಬಂಗಾಳ ಬಿಟ್ಟು ಬಂದ ಮನೆಗಳ ಅಜ್ಜಿಯರು ದೂರದಲ್ಲಿ ಉಳಿದ ಬಂಧುಗಳ ಮುಖವನ್ನು ಈ ಕಿಂಡಿಯಲ್ಲೇ ನೋಡುತ್ತಾರೆ.

ಜಾಗ ಮಾಡಿಕೊಳ್ಳಲು ಬೇರೆ ಕೋಣೆ ಬೇಕಿಲ್ಲ. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಕಿಟಕಿಗೆ ಮುಖ ಮಾಡಿ ಕುಳಿತುಕೊಳ್ಳಿ. ಡಬ್ಬಿಯ ಮೇಲೆ ಡಬ್ಬಿ ಇಟ್ಟು ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ತನ್ನಿ. ತಗಡಿನ ಮನೆಯಲ್ಲಿ ದನಿ ಗುಂಯ್‌ಗುಟ್ಟಿದರೆ ಹಗ್ಗಕ್ಕೊಂದು ಕೌದಿ ಇಳಿಬಿಡಿ. ಕರೆಂಟ್ ಹೋಗುವ ಮೊದಲೇ ಚಾರ್ಜ್ ಮಾಡಿಕೊಳ್ಳಿ.

ಆದರೆ ಆ ಜಾಗದಲ್ಲಿ ಕೂರುವವರು ಯಾರು? ಓದು ನಡೆಯುವಾಗ ಎಷ್ಟೋ ಮನೆಗಳಲ್ಲಿ ಗಂಡಸು ಪರದೆಯ ಮುಂದೆ ಇರುತ್ತಾನೆ, ತಾಯಿ, ಹೆಂಡತಿ, ಸೊಸೆ ಅಡುಗೆ ಮನೆಯಿಂದ ಅರ್ಧ ಮಾತು ಕೇಳಿಸಿಕೊಳ್ಳುತ್ತಾರೆ. ಖುಜ್ಜುತ್ತರಾಳನ್ನು ಬಹುಶ್ರುತ ಉಪಾಸಿಕೆಯರಲ್ಲಿ ಮೊದಲನೆಯವಳು ಎಂದು ಬುದ್ಧರು ಕರೆದರು. ಅಂಥವರು ನಮ್ಮ ಒಲೆಯ ಮುಂದೆಯೂ ಇದ್ದಾರು. ಅವರಿಗೆ ಆಸನ ಹಾಕುವವರು ಬೇಕು.

ಇನ್ನೊಂದು ಮಾತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಮೊಬೈಲಿನಲ್ಲೇ ಕೆಲಸದ ಸಂದರ್ಶನವಿತ್ತು. "ಸರ್, ಹಿಂದಿನ ಗ್ವಾಡಿ ಮ್ಯಾಗ ಬಾಬಾಸಾಹೇಬರ ಫೋಟೋ ಐತ್ರಿ. ಅಪ್ಪ ತೆಗಿ ಅಂತಾನ. ಏನ್ ಮಾಡ್ಲಿ?" ಎಂದು ಕೇಳಿದ. ಈ ಪ್ರಶ್ನೆ ನಮ್ಮ ಎಷ್ಟು ಮನೆಗಳದ್ದು ಎಂದು ನಿಮಗೆ ಗೊತ್ತು.

ನಾನು ಅವನಿಗೆ ಬರೋಡಾದ ಕಥೆ ಹೇಳಿದೆ. ಅಮೆರಿಕದಲ್ಲಿ ಓದಿ ಬಂದ ಬಾಬಾಸಾಹೇಬರು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಅವರಿಗೆ ತಂಗಲು ಜಾಗ ಸಿಗಲಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಇರಬೇಕಾಯಿತು. 11ನೇ ದಿನ ಗುಟ್ಟು ತಿಳಿದವರು ಬಡಿಗೆ ಹಿಡಿದು ಬಂದು ಹೊರಡಿಸಿದರು. ಗೆಳೆಯರ ಮನೆಗಳಲ್ಲೂ ಆಸರೆ ಸಿಗದೆ, ರೈಲಿನ ಹೊತ್ತಿನವರೆಗೆ ಉದ್ಯಾನದಲ್ಲಿ ಕುಳಿತರು. ಮುಂದೆ ಅವರೇ ಇದನ್ನೆಲ್ಲ ಬಿಚ್ಚಿಟ್ಟು ಬರೆದರು. ದಾದರಿನಲ್ಲಿ ಪುಸ್ತಕಗಳಿಗೆಂದೇ ಮನೆ ಕಟ್ಟಿ, ಬುದ್ಧರು ಓಡಾಡಿದ ಊರಿನ ಹೆಸರನ್ನೇ ಇಟ್ಟು ರಾಜಗೃಹ ಎಂದು ಕರೆದರು.

ಹೆಸರು ಮರೆಸಿ ಇರಬೇಕಾದ ಸ್ಥಿತಿ ಬಂದರೆ, ಅದರ ನಾಚಿಕೆ ಬಾಗಿಲು ಮುಚ್ಚಿದವರದು, ಮರೆಸಿದವರದಲ್ಲ. ಆದ್ದರಿಂದ ಅವನಿಗೆ ಹೇಳಿದೆ: "ಫೋಟೋ ತೆಗೆದರೆ ಪಾಪವಿಲ್ಲ, ಇಟ್ಟ ಮಾತ್ರಕ್ಕೆ ಪುಣ್ಯವೂ ಇಲ್ಲ. ಅಪ್ಪನ ಅಂಜಿಕೆಯನ್ನು ಹೀಗಳೆಯಬೇಡ, ಆತ ಕಂಡು ಉಂಡವನು. ಆದರೆ ಯಾರಾದರೂ ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡ. ಪಂಚಶೀಲ ಅಲ್ಲಿದೆ."

ಅವನು ಫೋಟೋ ತೆಗೆಯಲಿಲ್ಲ. ಕುರ್ಚಿ ತಿರುಗಿಸಿ ಕಿಟಕಿಗೆ ಮುಖ ಮಾಡಿದ. ಫೋಟೋ ಇದ್ದ ಗೋಡೆಯಲ್ಲೇ ಕಿಟಕಿಯೂ ಇದ್ದುದರಿಂದ ಬಾಬಾಸಾಹೇಬರು ಅವನ ಕಣ್ಣೆದುರಿಗೇ ಬಂದರು. ಅಪ್ಪನಿಗೂ ಸಮಾಧಾನವಾಯಿತು. ನನಗೆ ಪೂರ್ತಿ ಸಮಾಧಾನವಿಲ್ಲ. ಸಂವಿಧಾನ ಬಂದು ಇಷ್ಟು ವರ್ಷವಾದರೂ ನಮ್ಮ ಹುಡುಗ ಪಾಠದ ಜೊತೆಗೆ ಗೋಡೆಯ ಲೆಕ್ಕವನ್ನೂ ಹಾಕಬೇಕಾಗಿದೆ. ಭಾನುವಾರದ ಓದಿಗೆ ಮಾತ್ರ ಅವನು ಕುರ್ಚಿ ತಿರುಗಿಸಿಕೊಂಡು ಕೂರುತ್ತಾನೆ. ಬೆಳಕು ಬೆನ್ನಿಗಾಗಿ ಮುಖ ಸರಿಯಾಗಿ ಕಾಣುವುದಿಲ್ಲ, ಹೆಗಲ ಮೇಲೆ ಬಾಬಾಸಾಹೇಬರು ಕಾಣುತ್ತಾರೆ. ನಾವ್ಯಾರೂ ಅವನಿಗೆ ತಿರುಗಿ ಕೂರು ಎನ್ನುವುದಿಲ್ಲ.

ಬಂಧುಗಳೇ, ಈ ವಾರ ಮನೆಯಲ್ಲಿ ಒಂದು ಮೂಲೆ ಗುಡಿಸಿ ಅಣಿಮಾಡಿ. ಓದುವ ಮಕ್ಕಳಿಗೆ ಅಲ್ಲಿ ಒಂದು ಗಂಟೆ ಸದ್ದಿಲ್ಲದ ಹೊತ್ತು ಕೊಡಿ, ಟಿವಿ ಆರಿಸುವುದೂ ದಾನವೇ. ಭಾನುವಾರ ಒಲೆಯ ಕೆಲಸ ಗಂಡಸರು ನೋಡಿಕೊಂಡು, ಮನೆಯ ಹೆಣ್ಣುಮಕ್ಕಳನ್ನು ಪರದೆಯ ಮುಂದೆ ಕೂರಿಸಿ. ಅವರು ಹೇಳಲಿ, ನಾವು ಕೇಳೋಣ.

ಸಾಧು, ಸಾಧು, ಸಾಧು.
ನಮೋ ಬುದ್ಧಾಯ. ಜೈ ಭೀಮ್ 🙏