ಲಾರಿ ನಿಂತರೆ ಚಾಲಕನಿಗೆ ವಿಶ್ರಾಂತಿಯೇ?

ಹಳದೀಪುರದ ಪೇಟೆ ದಾಟಿ ಕುಮಟೆಯ ಕಡೆ ಹೋಗುವಾಗ ಹೆದ್ದಾರಿ 66ರ ಬದಿಗೆ ರಾತ್ರಿ ಹೊತ್ತು ಲಾರಿಗಳು ನಿಂತಿರುತ್ತವೆ. ನೋಡಿದವರು 'ಪಾಪ, ಡ್ರೈವರು ಮಲಗಿದ್ದಾನೆ' ಅಂದುಕೊಂಡು ಮುಂದೆ ಹೋಗುತ್ತಾರೆ. ನಾವೂ ಹಾಗೇ ಹೋಗುತ್ತಿದ್ದವರು. ಒಂದು ರಾತ್ರಿ ಗೂಡಂಗಡಿಯೊಂದರಲ್ಲಿ ಚಾ ಕುಡಿಯುತ್ತ ವಿಜಾಪುರದ ಕಡೆಯ ಚಾಲಕನೊಬ್ಬನ ಜೊತೆ ಮಾತಿಗೆ ಕೂತೆವು. ನಿದ್ದೆ ಆಯ್ತಾ ಅಂತ ಕೇಳಿದ್ದಕ್ಕೆ ಆತ ನಕ್ಕ. "ನಿದ್ದಿ ಎಲ್ಲಿಂದ ಬರ್ತದ್ರಿ ಸರ? ಗಾಡಿ ನಿಂತೈತಿ, ನಾ ನಿಂತಿಲ್ಲ. ಡೀಜಲ್ ಕದೀತಾರ, ತಾಡಪತ್ರಿ ಹರೀತಾರ. ಕಣ್ಣು ಮುಚ್ಚಿದ್ರ ಸಾವ್ಕಾರನ ಫೋನು, ಎಲ್ಲಿದ್ದೀ ಅಂತ."

ಈ ಮಾತು ನಮ್ಮನ್ನು ಬಿಡಲಿಲ್ಲ. ಕೆಲಸ ಯಾವುದು, ಬಿಡುವು ಯಾವುದು? ಇದನ್ನು ತೀರ್ಮಾನ ಮಾಡುವವರು ಯಾರು?

ಕಾಯಿದೆ ಇರಲಿಲ್ಲ ಅಂತಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂದಿತು. ಐದು ಗಂಟೆ ದುಡಿದರೆ ಅರ್ಧ ಗಂಟೆ ಬಿಡುವು, ವಾರಕ್ಕೊಂದು ರಜೆ. ಓದಲಿಕ್ಕೆ ಚೆಂದ. ದೂರದ ದಾರಿಗಾದರೆ ಅಧಿಕಾರಿಯ ಒಪ್ಪಿಗೆ ಪಡೆದು ದಿನಕ್ಕೆ 10, ವಾರಕ್ಕೆ 54 ಗಂಟೆವರೆಗೆ ದುಡಿಸಬಹುದಿತ್ತು. ಈ 54 ನಮಗೆ ಗುರುತಿನ ಅಂಕಿ. ಬಾಬಾಸಾಹೇಬ ಅಂಬೇಡ್ಕರರು ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, 1946ರಲ್ಲಿ, ಕಾರ್ಖಾನೆಯವರ ವಾರವನ್ನು 54 ಗಂಟೆಯಿಂದ 48ಕ್ಕೆ ಇಳಿಸಿದ ತಿದ್ದುಪಡಿ ಬಂತು. ಕಾರ್ಖಾನೆಯಿಂದ ಹೊರಗೆ ಹಾಕಿದ ಅಂಕಿ 15 ವರ್ಷದ ಮೇಲೆ ಲಾರಿ ಹತ್ತಿ ಕೂತಿತು!

ಅದಕ್ಕಿಂತ ದೊಡ್ಡ ಮೋಸ ಆ ಕಾಯಿದೆಯ ಪದವಿವರಣೆಯಲ್ಲಿದೆ. ಗಾಡಿ ಓಡುವ ಹೊತ್ತು ಕೆಲಸ, ಅದಕ್ಕೆ ಸಂಬಂಧಪಟ್ಟ ಚಿಲ್ಲರೆ ಕೆಲಸವೂ ಕೆಲಸ. ಆದರೆ ನಿಲ್ದಾಣದಲ್ಲಿ ಬರೀ ಕಾದು ನಿಂತ ಹೊತ್ತು? ಅದು 15 ನಿಮಿಷಕ್ಕಿಂತ ಕಡಿಮೆ ಇದ್ದರೆ ಮಾತ್ರ ಲೆಕ್ಕಕ್ಕೆ. ಲೋಡಿಗಾಗಿ ಅರ್ಧ ದಿನ ಕಾದರೆ ಅದು ಕೆಲಸವಲ್ಲ. ಕೆಲಸವಲ್ಲದ ಮೇಲೆ ವಿಶ್ರಾಂತಿಯೇ ಇರಬೇಕಲ್ಲ ಅಂತ ಮಾಲಕರ ತರ್ಕ. ಸ್ವಾಮಿ, ಕಾಯುವವನ ಮೈ ಅವನದಾಗಿ ಇರುತ್ತದೆಯೆ? ಅವನು ಸ್ನಾನಕ್ಕೆ ಹೋಗುವ ಹಾಗಿಲ್ಲ, ದೂರ ಹೋಗುವ ಹಾಗಿಲ್ಲ, ಕಿವಿ ಮುಚ್ಚುವ ಹಾಗಿಲ್ಲ. ನಮ್ಮ ಹಳ್ಳಿಗಳಲ್ಲಿ ತಳವಾರ ರಾತ್ರಿಯಿಡೀ ಊರು ಕಾದ. ಊರು ನಿದ್ದೆ ಮಾಡಿತು. ಅವನು ಸುಮ್ಮನೆ ಕೂತಿದ್ದ ಅಂತಲೇ ಊರ ಗೌಡರ ಲೆಕ್ಕ.

ಇಷ್ಟಾದರೂ ಆ ಕಾಯಿದೆ ಎಲ್ಲರಿಗೂ ಸಿಕ್ಕಲಿಲ್ಲ. ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಕಡೆಗಷ್ಟೆ ಅದು ತಾನಾಗಿ ಅನ್ವಯ. ಎರಡು ಲಾರಿ ಇಟ್ಟುಕೊಂಡವನ ಚಾಲಕ, ಕ್ಲೀನರು ಹೊರಗೇ ಉಳಿದರು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆ ಬಂದಿದೆ. ಅದರಲ್ಲಿ ಸಾರಿಗೆ ಸಂಸ್ಥೆಗೆ ಐದರ ಬದಲು ಹತ್ತು ಜನ ಬೇಕು. ಬಾಗಿಲು ಇನ್ನೂ ಕಿರಿದಾಯಿತು.

'ಅವನೇ ಒಪ್ಪಿದ್ದಾನಲ್ಲ, ಜಾಸ್ತಿ ಟ್ರಿಪ್ ಬೇಕು ಅಂತ ಅವನೇ ಕೇಳ್ತಾನಲ್ಲ' ಅನ್ನುವವರಿದ್ದಾರೆ. ನಮ್ಮ ಗೆಳೆಯರಲ್ಲೂ ಇದ್ದಾರೆ. ಹೌದು, ಕೇಳುತ್ತಾನೆ. ಟ್ರಿಪ್ಪಿನ ಮೇಲೆ ಕೂಲಿ ಕಟ್ಟಿದಲ್ಲಿ ಮಲಗಿದ ಗಂಟೆಗೆ ಕಾಸಿಲ್ಲ. ಮಕ್ಕಳ ಫೀಸು ಒಂದು ಕಡೆ, ತನ್ನ ನಿದ್ದೆ ಒಂದು ಕಡೆ ಇಟ್ಟು ಆರಿಸಿಕೋ ಅಂದರೆ ಆತ ನಿದ್ದೆ ಮಾರುತ್ತಾನೆ. ಇದು ಒಪ್ಪಿಗೆಯಾದರೆ ಜೀತದವನು ಸಾಲದ ಪತ್ರಕ್ಕೆ ಒತ್ತಿದ ಹೆಬ್ಬೆಟ್ಟೂ ಒಪ್ಪಿಗೆಯೆ. ಮತ್ತೆ ಆ ಮಾರಾಟದಲ್ಲಿ ಎದುರಿಗೆ ಸೈಕಲ್ಲಿನಲ್ಲಿ ಬರುವ ನಮ್ಮ ಶಾಲೆ ಮಕ್ಕಳ ಜೀವವೂ ಸೇರಿರುತ್ತದೆ. ಅವರನ್ನು ಯಾರೂ ಕೇಳಿಲ್ಲ. ಬೆಳಿಗ್ಗೆ ಸಂತೆಗೆ ತರಕಾರಿ ತಾಜಾ ಬರಬೇಕು ಅನ್ನುವ ನಮ್ಮ ಪಾಲೂ ಇದರಲ್ಲಿದೆ, ಅದನ್ನು ಮುಚ್ಚಿಡುವುದು ಬೇಡ.

ಇನ್ನು ನಿಲ್ಲುವುದಾದರೂ ಎಲ್ಲಿ? 2024ರ ಜುಲೈ 16ರ ಬೆಳಿಗ್ಗೆ, ಇಲ್ಲಿಂದ ಕುಮಟೆ ದಾಟಿ ಮುಂದೆ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿಗೆ ಗುಡ್ಡ ಕುಸಿಯಿತು. ರಸ್ತೆ ಅಗಲ ಮಾಡಲು ಕಡಿದ ಗುಡ್ಡ. ಅದರ ಬುಡದಲ್ಲೇ ಚಾಲಕರು ನಿಲ್ಲುವ ಚಾದಂಗಡಿ. ಅಂಗಡಿ ನಡೆಸುತ್ತಿದ್ದ ಕುಟುಂಬ ಹೋಯಿತು, ಚಾಲಕರು ಹೋದರು, ಗ್ಯಾಸ್ ಟ್ಯಾಂಕರು ಗಂಗಾವಳಿ ನದಿಗೆ ಬಿತ್ತು. ಕೇರಳದ ಮರದ ಲಾರಿಯೂ ಅದರ ಕ್ಯಾಬಿನ್ನಿನಲ್ಲಿ ಚಾಲಕನ ದೇಹವೂ ನದಿಯಲ್ಲಿ ಸಿಕ್ಕಿದ್ದು ಸಪ್ಟೆಂಬರ್ 25ಕ್ಕೆ. ನಾಲ್ಕು ಪಥದ ನಕ್ಷೆ ಬರೆದವರು ಲಾರಿ ಓಡುವುದಕ್ಕೆ ಜಾಗ ಅಳೆದರು. ಚಾಲಕ ಮಲಗುವುದಕ್ಕೆ ಅಳೆಯಲಿಲ್ಲ.

ಯುರೋಪಿನ ನಿಯಮದಲ್ಲಿ ವಾರದ 45 ಗಂಟೆ ಪೂರ್ಣ ವಿಶ್ರಾಂತಿಯನ್ನು ಕ್ಯಾಬಿನ್ನಿನಲ್ಲಿ ತೆಗೆದುಕೊಳ್ಳುವ ಹಾಗೇ ಇಲ್ಲ. ಲಾರಿಯಲ್ಲಿ ಮಲಗಿದವನು ಲಾರಿಯ ಕಾವಲುಗಾರನೇ ಅಂತ ಅಲ್ಲಿಯವರಿಗೆ ಗೊತ್ತಾಗಿದೆ.

ನಮ್ಮಲ್ಲಿ ಗಂಟೆ ಎಣಿಸಲಾರದ ಸರ್ಕಾರ ವರ್ಷ ಎಣಿಸುವುದರಲ್ಲಿ ಚುರುಕು. ಜನರನ್ನು ಕೊಂದು ತಿಳಿಸದೆ ಓಡಿಹೋದ ಚಾಲಕನಿಗೆ 10 ವರ್ಷದವರೆಗೆ ಸಜೆ ಅಂತ ಭಾರತೀಯ ನ್ಯಾಯ ಸಂಹಿತೆಯ 106(2) ಹೇಳಿತು. 2024ರ ಜನವರಿಯಲ್ಲಿ ದೇಶದ ಚಾಲಕರು ಲಾರಿ ನಿಲ್ಲಿಸಿದ್ದಕ್ಕೆ, ಆ ಜುಲೈಯಲ್ಲಿ ಸಂಹಿತೆ ಜಾರಿಯಾದಾಗ ಆ ಉಪಕಲಮನ್ನು ತಡೆಹಿಡಿದರು. ಸತ್ತವರ ಮನೆಯವರಿಗೆ ನ್ಯಾಯ ಬೇಡವೆ? ಬೇಕು. ಹಾಗಾದರೆ ಕೋರ್ಟಿನಲ್ಲಿ ಮೊದಲ ಪ್ರಶ್ನೆ, ಆತ ಹಿಂದಿನ ದಿನ ಎಷ್ಟು ಗಂಟೆ ಮಲಗಿದ್ದ, ಮಲಗಗೊಡದವರು ಯಾರು ಅಂತ ಇರಲಿ. ಅದಕ್ಕೆ ದಾಖಲೆ ಬೇಕು. ಪ್ರತಿ ಟ್ರಿಪ್ಪಿನ ಚೀಟಿಯಲ್ಲಿ ಮಾಲಿನ ತೂಕ ಬರೆಯುವ ಕೈ ಚಾಲಕ ಹೊರಟ ಗಂಟೆ, ಕಾದ ಗಂಟೆ, ಮಲಗಿದ ಗಂಟೆ ಮೂರನ್ನೂ ಬರೆದು ಸಹಿ ಹಾಕಲಿ. ಒಬ್ಬನೇ ಚಾಲಕನಿರುವ ಲಾರಿಗೂ ಇದು ಬೇಕು.